ಕನ್‌ಕಷನ್ ಆದವನು

ಪೈಪು ರಿಪೇರಿಯವನು ಸಿಂಕಿನ ಕೆಳಗಿಂದ ಅವಸರದಲ್ಲಿ ಏಳಲು ಹೋಗಿ, ಕಲ್ಲಿನ ಕಟ್ಟೆಗೆ ತಲೆ ಬಡಿಸಿಕೊಂಡ. ಕಣ್ಣು ಕತ್ತಲೆ ಬಂತು. ಡಾಕ್ಟರು ಪರೀಕ್ಷಿಸಿ, "ಇದು ಕನ್‌ಕಷನ್. ಪೆಟ್ಟು ಬಿದ್ದು ಮಿದುಳು ಒಳಗೇ ಅಲುಗಾಡಿದೆ. ಸ್ವಲ್ಪ ದಿನ ಮನೇಲಿ ಮಲಗಿದ್ರೆ ಸರಿಹೋಗತ್ತೆ" ಎಂದರು. ಬಾಗಿಲಾಚೆ ನಿಂತಿದ್ದ ಹೆಂಡತಿಯ ಕಿವಿಗೆ ಬಿದ್ದದ್ದು 'ಕನ್‌ಫ್ಯೂಷನ್'.

ಅಂದಿನಿಂದ ಮನೆಯಲ್ಲಿ ಅವನ ಮಾತಿಗೆ ಮೂರು ಕಾಸಿನ ಕಿಮ್ಮತ್ತು ಉಳಿಯಲಿಲ್ಲ. ಊಟಕ್ಕೆ ಉಪ್ಪು ಕಮ್ಮಿ ಎಂದರೆ ಅತ್ತೆ, "ಪಾಪ, ಕನ್‌ಫ್ಯೂಷನ್ನು ನಾಲಿಗೆಗೂ ಇಳಿದಿದೆ" ಎಂದು ನಿಟ್ಟುಸಿರು ಬಿಟ್ಟಳು. ಭಾವಮೈದ ಸ್ಕೂಟರಿನ ಕೀ ಎತ್ತಿಕೊಂಡಾಗ ಇವನು, "ಲೋ, ಅದು ನನ್ನ ಗಾಡಿ" ಎಂದ. "ಆಯ್ತು ಭಾವ, ನಿಮ್ದೇ. ತಲೆ ಕೆಡಿಸ್ಕೋಬೇಡಿ, ಮಲಗಿ" ಎಂದು ಮಗುವಿಗೆ ಹೇಳುವಂತೆ ಹೇಳಿ ಅವನು ಗಾಡಿ ಹತ್ತಿ ಹೋದ.

ತಲೆನೋವು ಪೂರ್ತಿ ಬಿಟ್ಟ ದಿನ ಅವನು ಕೆಲಸಕ್ಕೆ ಹೊರಟು, ಹೊಸ್ತಿಲಲ್ಲೇ ಅಡ್ಡ ನಿಂತ ಹೆಂಡತಿಯ ಮೇಲೆ ರೇಗಿದ: "ನಂಗೆ ಆಗಿದ್ದು ಕನ್‌ಫ್ಯೂಷನ್ ಅಲ್ಲ ಕಣೇ, ಕನ್‌ಕಷನ್."

ಅವಳು ಕಣ್ಣೊರೆಸಿಕೊಂಡು ತಾಯಿಯ ಕಡೆ ತಿರುಗಿದಳು. "ನೋಡಮ್ಮ, ಕಾಯಿಲೆ ಹೆಸರೂ ಮರೆತುಹೋಗಿದೆ ಇವರಿಗೆ" ಎಂದವಳೇ, ಅವನನ್ನು ಕೋಣೆಯೊಳಕ್ಕೆ ದಬ್ಬಿ ಹೊರಗಿನಿಂದ ಚಿಲಕ ಹಾಕಿದಳು.