ಉಸಿರಿನ ಯಂತ್ರಕ್ಕಾಗಿ ಬೆಳಗಾವಿಗೆ ಬಂದ ಕಾಕಾ

ಅವರ ಬಲಗೈ ಬೆರಳುಗಳಿಗೆ ಸದಾ ನೇರಳೆ ಮಸಿ ಹತ್ತಿರುತ್ತಿತ್ತು. ಸಹಿ ಬಾರದ ರೈತರ ಹೆಬ್ಬೆರಳು ಹಿಡಿದು ಅರ್ಜಿಗಳ ಮೇಲೆ ಒತ್ತಿಸಿ ಒತ್ತಿಸಿ ಹತ್ತಿದ, ಸಾಬೂನಿಗೂ ಹೋಗದ ಮಸಿ. ಅಂಕಲಿಯ ಆ ವಿಮೆ ಏಜೆಂಟರನ್ನು ನಮ್ಮೂರಾದ ಏಕಸಂಬಿಯಲ್ಲಿ ನಾವೆಲ್ಲ ಕಾಕಾ ಎಂದೇ ಕರೆಯುತ್ತಿದ್ದೆವು. ಜೈನರು, ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವವರು. ಐದು ಗಂಟೆಯಾಯಿತೆಂದರೆ ಯಾರ ಮನೆಯಲ್ಲಿ ಕೂತಿದ್ದರೂ ಮಾತನ್ನು ಅರ್ಧಕ್ಕೇ ಬಿಟ್ಟು ಮೊಪೆಡ್ ಹತ್ತುತ್ತಿದ್ದರು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಕನ್ನಡ ಶಾಲೆಯ ಶಿಕ್ಷಕಿ, ನನ್ನ ಯಜಮಾನರು ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತರು. ನಿದ್ದೆಯಲ್ಲಿ ಅವರ ಉಸಿರು ನಿಲ್ಲುತ್ತಿತ್ತು. ಗೊರಕೆ ಹೊಡೆಯುತ್ತಿದ್ದವರು ಒಮ್ಮೆಲೇ ಸುಮ್ಮನಾಗುತ್ತಿದ್ದರು. ನಾನು ಅಲುಗಾಡಿಸಿದಾಗ, ನೀರಲ್ಲಿ ಮುಳುಗಿದವರು ಮೇಲೆದ್ದಂತೆ ಗಾಳಿ ಎಳೆದುಕೊಳ್ಳುತ್ತಿದ್ದರು. ಮಿರಜಿನ ಡಾಕ್ಟರರು ಮೂಗಿಗೆ ಗಾಳಿ ಊದುವ ಯಂತ್ರ ಬರೆದುಕೊಟ್ಟರು. ಕಾರ್ಖಾನೆಯ ನೌಕರರಿಗೆ ಕಾಕಾ ಮಾಡಿಸಿದ್ದ ಗುಂಪು ವಿಮೆಯಲ್ಲಿ ಅದು ಸಿಕ್ಕಿತು. ಆದರೆ ಆ ಯಂತ್ರ ಒಂದೇ ಸಮನೆ ರಭಸದಿಂದ ಊದುತ್ತಿತ್ತು. ಉಸಿರು ಹೊರಗೆ ಬಿಡಲಾಗದೆ ಯಜಮಾನರು ಮಾಸ್ಕು ಕಿತ್ತೆಸೆಯುತ್ತಿದ್ದರು. ಉಸಿರು ಬಿಡುವಾಗ ರಭಸ ತಗ್ಗಿಸುವ ಬೇರೆ ಯಂತ್ರವೇ ಬೇಕು, ತಡ ಮಾಡಿದರೆ ಹೃದಯಕ್ಕೆ ಕುತ್ತು ಎಂದರು ಡಾಕ್ಟರರು. ವಿಮಾ ಕಚೇರಿಯಿಂದ ಬಂದದ್ದು ಎರಡು ಸಾಲಿನ ಕಾಗದ: ಒಮ್ಮೆ ಯಂತ್ರ ಕೊಟ್ಟಾಗಿದೆ, ಇನ್ನೊಂದಕ್ಕೆ ಅವಕಾಶವಿಲ್ಲ.

ಆ ಕಾಗದವನ್ನು ಕಾಕಾ ಅವರ ಕೈಗಿಟ್ಟೆ. ಅವರು ಅದನ್ನು ಎರಡು ಸಲ ಓದಿ, ರವಿವಾರ ಮಧ್ಯಾಹ್ನ ಬರುತ್ತೇನೆ, ಯಜಮಾನರು ಮಲಗಿರಲಿ ಎಂದಷ್ಟೇ ಹೇಳಿ ಹೋದರು.

ಬಂದವರು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ಕೂತರು. ಗೊರಕೆ ನಿಂತಿತು. ಕಾಕಾ ಅವರ ಕಣ್ಣು ಗಡಿಯಾರದ ಮುಳ್ಳಿನ ಮೇಲೆ. ನೋಡನೋಡುತ್ತ ಅವರೂ ಉಸಿರು ಬಿಗಿಹಿಡಿದಿದ್ದರೆಂದು ಕಾಣುತ್ತದೆ. ತಡೆಯಲಾರದೆ ಬಿಟ್ಟರು, ಯಜಮಾನರದು ಇನ್ನೂ ಬಂದಿರಲಿಲ್ಲ. ಗಾಬರಿಯಾಗಿ ತಾವೇ ಭುಜ ಹಿಡಿದು ಅಲುಗಾಡಿಸಿದರು.

"ಅಕ್ಕೋರ, ದಿನಾ ಹಿಂಗ ಕಾಯ್ಕೋತ ಕುಂದರ್ತೀರೇನ್ರಿ?"

ಹಾಗೆಂದು ನನ್ನನ್ನು ಕೇಳಿದವರು ಅವರೇ ಮೊದಲು. ಹೌದೆನ್ನುವಷ್ಟರಲ್ಲಿ ಅಳು ಬಂತು.

"ಹಂಗಾರ ಅದನ್ನ ಬರೀರಿ. ಕಾಗದ ಓದಾವಗ ನಿಮ್ಮ ಮನಿ ಕಾಣಬೇಕು."

ಯಾರ ಅರ್ಜಿ ಬರೆಸುವಾಗಲೂ ಅವರು ಹೇಳುತ್ತಿದ್ದ ಮಾತದು. ನಾನು ಬರೆದೆ. 'ದಯಮಾಡಿ' ಎಂಬುದನ್ನು ಎರಡು ಕಡೆ ಹೊಡೆದುಹಾಕಿಸಿದರು. ಕಂತು ಕಟ್ಟಿದವರು ಕೇಳಬೇಕು, ಬೇಡಬಾರದು ಎಂಬುದು ಅವರ ವಾದ.

ಹಳೆಯ ಯಂತ್ರವನ್ನೂ ಹೊತ್ತು ಕಾಕಾ ಮತ್ತು ನಾನು ಬೆಳಗಾವಿಯ ಕಚೇರಿಗೆ ಹೋದೆವು. ಅಲ್ಲಿನ ಸಾಹೇಬರು ನಿಯಮದ ಪುಸ್ತಕ ತೆರೆದು, ಒಂದು ಯಂತ್ರವಿದ್ದ ಮೇಲೆ ಇನ್ನೊಂದು ಬರೀ ಅನುಕೂಲಕ್ಕೆ ಎಂದರು. ಕಾಕಾ ವಾದಿಸಲಿಲ್ಲ. ಯಂತ್ರದ ವೈರನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿ, ಮಾಸ್ಕನ್ನು ತಾವೇ ಹಾಕಿಕೊಂಡರು. ಕೊರಳಿನ ನರ ಉಬ್ಬಿದವು, ಕಣ್ಣಲ್ಲಿ ನೀರು ಬಂತು. ತೆಗೆದು, ಧೋತರದ ಚುಂಗಿನಿಂದ ಒರೆಸಿ ಸಾಹೇಬರ ಮುಂದಿಟ್ಟರು.

"ಸಾಹೇಬ್ರ, ನೀವೊಂದು ಐದು ನಿಮಿಷ ಹಾಕ್ಕೋರಿ. ಆಮ್ಯಾಲ ನೀವು ಏನ ಬರದ್ರೂ ನಾ ಎದುರಾಡೂದಿಲ್ಲ."

ಸಾಹೇಬರು ಸಿಟ್ಟಿಗೆದ್ದರೆ ಇದ್ದ ದಾರಿಯೂ ಮುಚ್ಚೀತು. ಅವರು ಸುತ್ತಲಿನ ಗುಮಾಸ್ತರತ್ತ ಒಮ್ಮೆ ನೋಡಿ, ಹಾಕಿಕೊಂಡರು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ಕಿತ್ತು ಕೆಳಗಿಟ್ಟರು. ಮಂಜೂರು ಮಾಡುವುದು ತಮ್ಮ ಕೈಯಲ್ಲಿಲ್ಲ, ಮೇಲಿನ ಕಚೇರಿಗೆ ಶಿಫಾರಸು ಬರೆಯುತ್ತೇನೆ ಎಂದರು. ಬರೆದು ಮುಗಿಯುವವರೆಗೆ ಕಾಕಾ ಅಲ್ಲಿಂದ ಕದಲಲಿಲ್ಲ. ನಮ್ಮ ಬಸ್ಸು ಚಿಕ್ಕೋಡಿ ಮುಟ್ಟುವಾಗ ಹೊತ್ತು ಮುಳುಗಿತ್ತು. ಅವರು ಉಪವಾಸವೇ ಮನೆಗೆ ಹೋದರು.

ಆಮೇಲಿನ ಏಳು ವಾರ, ಟಪಾಲಿನವನ ಸೈಕಲ್ ಗಂಟೆ ಕೇಳಿದರೆ ನಾನು ಪಾಠ ಮರೆಯುತ್ತಿದ್ದೆ. ಕೊನೆಗೆ ಮಂಜೂರಾತಿ ಬಂತು: ಹಳೆಯದನ್ನು ಮರಳಿಸಿ ಹೊಸದು ಪಡೆಯಬೇಕು. ಹೊಸ ಯಂತ್ರ ಹಾಕಿಕೊಂಡ ಮೊದಲ ದಿನ ಯಜಮಾನರು ಸದ್ದಿಲ್ಲದೆ ಮಲಗಿದರು. ಆ ಮೌನಕ್ಕೆ ನಾನು ಮತ್ತಷ್ಟು ಹೆದರಿ, ಅವರ ಎದೆಯ ಮೇಲೆ ಕೈಯಿಟ್ಟೇ ಕೂತಿದ್ದೆ. ಮರುದಿನ ಅದನ್ನು ಹೇಳಿದಾಗ ಕಾಕಾ, "ಇನ್ನ ನೀವೂ ಮಲಕೋರಿ ಅಕ್ಕೋರ" ಎಂದರು.

ಎರಡು ವರ್ಷದ ಬಳಿಕ ಕಾಕಾ ತೀರಿಕೊಂಡರು. ಅವರ ಮನೆಯಿಂದ ಕೃಷ್ಣೆಯ ದಂಡೆ ದೂರವೇ. ಒಂದು ಕಾಲಕ್ಕೆ ನಾಲ್ಕು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಕೂತುಬಿಡುತ್ತಿದ್ದ ನನ್ನ ಯಜಮಾನರು ಅಂದು ಚಟ್ಟಕ್ಕೆ ಹೆಗಲು ಕೊಟ್ಟರು. ದಾರಿಯಲ್ಲಿ ಹೆಗಲು ಬದಲಿಸಲು ಮುಂದೆ ಬಂದ ಯಾರಿಗೂ ಬಿಟ್ಟುಕೊಡದೆ ದಂಡೆಯವರೆಗೆ ಹೊತ್ತರಂತೆ. ಜೊತೆಗೆ ಹೋದವರು ಮರಳಿ ಬಂದು ನನಗೆ ಹೇಳಿದರು.