ಪಟಾಲಮ್ಮನ ಪಥ್ಯ

ಪಟಾಲಮ್ಮನ ಹೆಸರು ಗಂಗರತ್ನಮ್ಮನ ಕಿವಿಗೆ ಬಿದ್ದದ್ದು ಅರವತ್ತೈದನೇ ಇಸವಿಯ ಧನುರ್ಮಾಸದಲ್ಲಿ. ಯಲಹಂಕದ ಮನೆಗೆ ನೆಂಟರು ಬರುವವರಿದ್ದರು. ಎರಡು ಸೇರು ಹಿತಕಿದ ಬೇಳೆ ಬೇಕಾಗಿತ್ತು. ನೆನೆದ ಅವರೆಕಾಳನ್ನು ಒಂದೊಂದಾಗಿ ಹಿಸುಕಿ ಸಿಪ್ಪೆ ಬಿಡಿಸುವಷ್ಟರಲ್ಲಿ ಅವಳ ಬೆರಳು ಮರಗಟ್ಟಿತ್ತು.

"ಕೆರೆಕೋಡಿ ಹತ್ರ ಪಟಾಲಮ್ಮ ಅಂತ ಇದಾಳೆ. ಅವಳನ್ನ ಕಂಡ್ರೆ ಕಾಳೇ ಅಂಗಿ ಕಳಚಿ ಕೊಡುತ್ತಂತೆ ಕಣೇ," ಎಂದರು ಗಂಡ ವೆಂಕಟರಾಮಯ್ಯ.

ಅಂದೇ ಬಂದಳು. ಮೂವತ್ತು ದಾಟದ ವಿಧವೆ. ಜೊತೆಗೆ ಎಂಟು ವರ್ಷದ ಮಗಳು ಪುಟ್ಟಲಕ್ಷ್ಮಿ. ಅರ್ಧ ಊರಿಗೆ ಬೇಳೆ ಹಿತಕಿ ಕೊಡುತ್ತಿದ್ದವಳ ಗಡಿಗೆಯಲ್ಲಿ ಬೇಯುತ್ತಿದ್ದದ್ದು ಮಾತ್ರ ರೇಷನ್ನಿನ ಮುಸುಕಿನ ಜೋಳ. ಬೆಳಿಗ್ಗೆ ಅದರ ಗಂಜಿ, ಸಂಜೆ ಅದರ ಮುದ್ದೆ, ನೆಂಚಿಕೊಳ್ಳಲು ಉಪ್ಪು ಮೆಣಸಿನಕಾಯಿ. ಯಾರಾದರೂ ಹಿಡಿ ಕಾಳು ಕೊಟ್ಟರೆ ಅದು ಮಗಳ ಬಾಯಿಗೆ.

"ನೀನೂ ಒಂದಿಷ್ಟು ತಿನ್ನೇ," ಎಂದಳು ಗಂಗರತ್ನಮ್ಮ.

"ನಂಗ್ಯಾಕ್ರವ್ವಾ? ಒಳಗೆ ಓದ್ಮೇಲೆ ಅವರೆ ಯಾವ್ದು, ಜೋಳ ಯಾವ್ದು ಅಂತ ಒಟ್ಟೆ ಕೇಳ್ತದಾ?"

ಮರುವರ್ಷದ ಬೇಸಿಗೆಗೆ ಪಟಾಲಮ್ಮನ ಕೊರಳ ಸುತ್ತ ಅಡ್ಡಿಕೆ ತೊಟ್ಟ ಹಾಗೆ ಕಪ್ಪು ಪಟ್ಟಿ ಎದ್ದಿತು. ಕೈಯ ಚರ್ಮ ಸುಲಿಯತೊಡಗಿತು. ಗಂಗರತ್ನಮ್ಮನಿಗೆ ಅನುಮಾನವೇ ಇರಲಿಲ್ಲ.

"ನಾಗದೋಷ ಕಣೇ ಇದು. ನಂಜಿನ ಪದಾರ್ಥ ಬಿಡು. ಅವರೆ, ಹುರುಳಿ, ಮೊಟ್ಟೆ, ಬಾಡು ಮುಟ್ಟಬೇಡ. ಹಾಲು ಸಿಕ್ಕಿದ್ರೆ ನಾಗರಕಲ್ಲಿಗೆ ಎರಿ, ನೀನು ಕುಡೀಬೇಡ."

ಅಶ್ವತ್ಥಕಟ್ಟೆಯ ಮುಂದೆ ಪಟಾಲಮ್ಮ ಅವು ಯಾವುದನ್ನೂ ಬಾಯಿಗಿಡುವುದಿಲ್ಲವೆಂದು ಮಗಳ ತಲೆ ಮುಟ್ಟಿ ಆಣೆಯಿಟ್ಟಳು. ಪಕ್ಕದಲ್ಲಿ ನಿಂತ ಗಂಗರತ್ನಮ್ಮನಿಗೆ ಅವಳ ನಿಷ್ಠೆ ನೋಡಿ ಕಣ್ಣು ತುಂಬಿತು.

ಕಪ್ಪು ಹೋಗಲಿಲ್ಲ. ಭೇದಿ ಹತ್ತಿಕೊಂಡಿತು. ಚಳಿಗಾಲಕ್ಕೆ ಕಾಳಿನ ಮುಂದೆ ಕೂತವಳು ಅದನ್ನು ಏನು ಮಾಡಬೇಕೆಂದು ತಿಳಿಯದೆ ಮಿಕಮಿಕ ನೋಡಿದಳು. ಗಂಗರತ್ನಮ್ಮ ಜಟಕಾ ಕಟ್ಟಿಸಿ ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಕೊರಳು ನೋಡಿ, "ಏನ್ ತಿಂತಾರೆ?" ಎಂದರು.

"ಜೋಳ."

"ಬರೀ ಜೋಳಾನಾ? ಅದೇ ಮತ್ತೆ. ಟ್ರಿಪ್ಟೊಫೇನ್ ಅಂತ ಒಂದು ಸತ್ವ ಇದೆಯಮ್ಮ. ಮೈ ತಾನಾಗಿ ಅದನ್ನ ಮಾಡ್ಕೊಳ್ಳಲ್ಲ, ಊಟದಿಂದ್ಲೇ ಬರ್ಬೇಕು. ಈ ಜೋಳದಲ್ಲಿ ತೀರಾ ಕಮ್ಮಿ. ಅದಿಲ್ದೆ ಚರ್ಮ, ಹೊಟ್ಟೆ, ಬುದ್ಧಿ ಮೂರೂ ಕೆಡ್ತವೆ. ಕಾಳು, ಹಾಲು, ಮೊಟ್ಟೆ ಕೊಡಿ. ತುಂಬಾ ತಡ ಮಾಡಿದೀರಿ."

ಅವರು ಕೊಡಿ ಅಂದದ್ದನ್ನೆಲ್ಲ ಬಿಡಿಸಿದವಳು ಗಂಗರತ್ನಮ್ಮನೇ.

ಡಾಕ್ಟರು ಕೊಟ್ಟ ಗುಳಿಗೆ ಪಟಾಲಮ್ಮನ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಗಂಗರತ್ನಮ್ಮ ದಿನಾ ಹಾಲು ಕಾಸಿಕೊಂಡು ಕೆರೆಕೋಡಿಗೆ ನಡೆದಳು. "ನಾನು ಹೇಳಿದ್ದು ತಪ್ಪು ಕಣೇ. ಪಾಪ ನನಗಿರಲಿ, ಒಂದು ಗುಟುಕು ಕುಡಿ," ಎಂದು ಗೋಗರೆದಳು. ಪಟಾಲಮ್ಮ ಹಲ್ಲು ಕಚ್ಚಿಕೊಂಡಳು. ಆ ಹೊತ್ತಿಗೆ ಮಗಳ ಹೆಸರೂ ಮರೆತಿತ್ತು, ಆಣೆ ಮರೆತಿರಲಿಲ್ಲ.

ಕೊನೆಯ ದಿನ ಸುಲಿದ ಅಂಗೈಯನ್ನು ಲೋಟಕ್ಕೆ ಅಡ್ಡ ಹಿಡಿದು ಹೇಳಿದಳು:

"ನನ್ ಬಾಯ್ಗೆ ಆಲು ಉಯ್ಬ್ಯಾಡಿ ಕಣ್ರವ್ವಾ. ಮಗೀನ ತಲೆ ಮುಟ್ಟಿವ್ನಿ. ನಾನು ಗ್ಯಾನ ತಪ್ಪಿ ಮಲಗಿದ್ರೂ ಉಯ್ಬ್ಯಾಡಿ."