ಜಾಲಿ ದಾರಿಯಲ್ಲಿ ತಡವಾಗಿ ಬಂದ ಕಾರು

ಕಾರಿನ ಎರಡೂ ಬದಿಗೆ ಜಾಲಿ ಮುಳ್ಳು ಕರಕರ ಎಂದು ಉಜ್ಜುತ್ತಿತ್ತು. ನಾನು ನಿಲ್ಲಿಸಲಿಲ್ಲ. ಬಣ್ಣಕ್ಕೆ ಗೀರು ಬೀಳದಂತೆ ಅದರ ಹಿಂದಿನ ತಿಂಗಳಷ್ಟೇ ಕಾರಿನ ಮೈತುಂಬ ಪಾರದರ್ಶಕ ಫಿಲ್ಮ್ ಅಂಟಿಸಿದ್ದೆ. ತಿರುಮಣಿ ಹತ್ತಿರದ ಹಳ್ಳಿಯಲ್ಲಿರುವ ನನ್ನ ಅಕ್ಕನ ಮನೆ ಬಾಗಿಲವರೆಗೆ ನನ್ನ ಕಾರು ಹೋದದ್ದು ಅದೇ ಮೊದಲು. ಅಂದು ಅಕ್ಕನ ವರ್ಷದ ತಿಥಿ.

ಅಕ್ಕ ಇದ್ದಾಗ ನಾನು ಮಧುಗಿರಿಯಿಂದ ಬಂದು ಟಾರು ರಸ್ತೆಯಲ್ಲೇ ಕಾರು ನಿಲ್ಲಿಸಿ ಫೋನ್ ಮಾಡುತ್ತಿದ್ದೆ. ಮಂಡಿನೋವಿನ ಅಕ್ಕ ಕೋಲೂರಿಕೊಂಡು, ಸೆರಗಿನಲ್ಲಿ ಹುರಿದ ಕಡಲೆಕಾಯಿ ಕಟ್ಟಿಕೊಂಡು ಅಲ್ಲಿಗೇ ಬರುತ್ತಿದ್ದಳು.

"ಮುಳ್ಳು ಒಂದೂ ಇಲ್ಲ, ಮನೆಗೆ ಬಾರೋ ತಮ್ಮಯ್ಯ."

"ಸುಮ್ನೆ ಹೇಳ್ಬೇಡ ಕಣಕ್ಕ, ಆ ದಾರಿ ನಂಗೊತ್ತಿಲ್ವಾ?" ಎನ್ನುತ್ತಿದ್ದೆ. ಕಾರು ಬಿಟ್ಟು ನಡೆದಾದರೂ ಹೋಗಬಹುದಿತ್ತು. ಹೋಗಲಿಲ್ಲ.

ತಿಥಿಯ ದಿನ ಬಾಗಿಲಲ್ಲಿ ಇಳಿದಾಗ ಪಕ್ಕದ ಮನೆಯ ನರಸಮ್ಮ ಕಾರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ಇವತ್ತು ಬಂತಾ ನಿನ್ ಕಾರು? ನೀನು ಬತ್ತೀಯ ಅಂದ್ರೆ ಸಾಕು, ನಿಮ್ಮಕ್ಕ ಹಿಂದಿನ ದಿನ್ವೇ ಮಚ್ಚು ಹಿಡ್ಕಂಡು ಎಲ್ಡೂ ಕಡೆ ಜಾಲಿ ಸವರ್ಬುಡೋಳು. ಈಗ ಸವರೋರು ಯಾರಪ್ಪ? ಅಂಗೇ ಬೆಳ್ಕಂಡದೆ."

ಮರುದಿನ ಕಾರು ತೊಳೆದೆ. ಬಣ್ಣದ ಮೇಲೆ ಒಂದು ಗೀರೂ ಇರಲಿಲ್ಲ. ಈಗಲೂ ಆ ಕಡೆ ಹೋದರೆ ಟಾರು ರಸ್ತೆಯ ತಿರುವಿನಲ್ಲಿ ಸುಮ್ಮನೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಮುಳ್ಳಿಲ್ಲ ಬಾರೋ ಎಂದು ಅಕ್ಕ ಇನ್ನೊಂದೇ ಸಲ ಕರೆದರೆ ಕಾರನ್ನು ಅಲ್ಲೇ ಬಿಟ್ಟು ಅವಳ ಹಿಂದೆ ನಡೆದು ಹೋಗುತ್ತೇನೆ.